ಚಳಿಗಾಲದಲ್ಲಿ ಕೋಳಿ ಮೊಟ್ಟೆ ಇಡುತ್ತಿಲ್ಲ, ರಾತ್ರಿಯಿಡೀ ಬಲ್ಬ್ ಉರಿಸಲೇ?

ಬೇಡ. ಶಿರಸಿಯಲ್ಲಿ ನೀವು ಮಾಡಹೊರಟಿರುವುದನ್ನೇ ನಾನು ಅಂಕೋಲೆಯಲ್ಲಿ ಮಾಡಿ ನೋಡಿದ್ದೇನೆ.

ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಹೇಂಟೆಗಳೂ ಮೊಟ್ಟೆ ನಿಲ್ಲಿಸಿದವು. ಹಗಲು ಕಮ್ಮಿಯಾಗಿದ್ದಕ್ಕೆ ಅಂತ ಓದಿದ್ದೆ. ಅದು ನಿಜವೇ. ಹಕ್ಕಿಗಳಲ್ಲಿ ಬೆಳಕು ತಲೆಬುರುಡೆ ದಾಟಿ ಮಿದುಳಿಗೇ ಮುಟ್ಟಿ ಮೊಟ್ಟೆ ಬೆಳೆಸುವ ಹಾರ್ಮೋನುಗಳನ್ನು ಎಬ್ಬಿಸುತ್ತದೆ, ಅದಕ್ಕೆ ಕಣ್ಣೇ ಬೇಕಿಲ್ಲ. ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವಾ 1930ರ ದಶಕದಲ್ಲೇ ಬಾತುಕೋಳಿಗಳಲ್ಲಿ ಇದನ್ನು ತೋರಿಸಿದ್ದರು. ನಮ್ಮ ಕಡೆ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂಮುಕ್ಕಾಲು ಗಂಟೆ ವ್ಯತ್ಯಾಸ, ಅಷ್ಟೇ. ಅಷ್ಟು ಸಾಕು. ಪನಾಮಾ ಕಾಡಿನ ಒಂದು ಪುಟ್ಟ ಹಕ್ಕಿ 17 ನಿಮಿಷದ ವ್ಯತ್ಯಾಸವನ್ನೂ ಗುರುತಿಸುತ್ತದೆ ಅಂತ 1998ರಲ್ಲಿ ಗೊತ್ತಾಗಿದೆ.

ಹಾಗಾಗಿ ಗೂಡಿಗೆ ಬಲ್ಬ್ ಕಟ್ಟಿ, ಸಂಜೆಯಿಂದಲೇ ಉರಿಯಲು ಬಿಟ್ಟೆ. ಎಡವಿದ್ದು ಇಲ್ಲೇ. ಕೋಳಿ ಮಬ್ಬುಗತ್ತಲಾಗುವಾಗ ಕೋಲು ಹತ್ತಿ ಕೂರುತ್ತದೆ. ಬಲ್ಬ್ ಉರಿಯುತ್ತಿದ್ದರೆ ಹತ್ತುವುದಿಲ್ಲ, ಕೆಳಗೇ ಕೆದಕುತ್ತಾ ಇರುತ್ತದೆ. ನಮ್ಮೂರ ಕರೆಂಟಿನ ಕಥೆ ನಿಮಗೂ ಗೊತ್ತಲ್ವಾ? ಅದು ಹೋದ ತಕ್ಷಣ ಗವ್ ಅನ್ನುವ ಕತ್ತಲು. ಕೋಲು ಎಲ್ಲಿದೆ ಅಂತಲೂ ಕಾಣುವುದಿಲ್ಲ. ಬೆದರಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ. ನಾನು ಟಾರ್ಚ್ ಹಿಡಿದು ಓಡುತ್ತಿದ್ದೆ, ಒಂದೊಂದನ್ನೇ ಹಿಡಿದು ಕೋಲಿನ ಮೇಲೆ ಕೂರಿಸುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ಹಕ್ಕಿಯನ್ನು ಕೈಯಲ್ಲಿ ಹಿಡಿದ ಕೆಲವೇ ನಿಮಿಷಗಳಲ್ಲಿ ಅದರ ರಕ್ತದಲ್ಲಿ ಕಾರ್ಟಿಕೋಸ್ಟೆರಾನ್ ಏರುತ್ತದೆ. ಅಪಾಯದಿಂದ ಪಾರಾಗಲು ಬೇಕಾದ ಹಾರ್ಮೋನ್ ಅದು. ದಿನಾ ಏರುತ್ತಿದ್ದರೆ ಮಾತ್ರ ಮೊಟ್ಟೆ ಬೆಳೆಸುವ ಹಾರ್ಮೋನುಗಳನ್ನು ಅದುಮಿಬಿಡುತ್ತದೆ. ಬೆಳಕಿನಿಂದ ಆಗಬೇಕಿದ್ದ ಲಾಭವೆಲ್ಲ ಗಾಬರಿಯಲ್ಲೇ ಹೋಯಿತು. ರಾಶಿಯ ಕೆಳಗೆ ಸಿಕ್ಕಿಬಿದ್ದ ಒಂದು ಒಳ್ಳೆಯ ಹೇಂಟೆ ಸತ್ತೂ ಹೋಯಿತು.

ಆಗ ಸಿಕ್ಕ ಒಂದೆರಡು ಕಂದು ಮೊಟ್ಟೆಗಳ ಮೇಲೆ ಸುಣ್ಣ ಉದುರಿಸಿದ ಹಾಗೆ ಬಿಳಿ ಪದರ ಇತ್ತು, ಉಗುರಲ್ಲಿ ಕೆರೆದರೆ ಪುಡಿಯಾಗುತ್ತಿತ್ತು. ಹೆದರಿದ ಹೇಂಟೆ ಮೊಟ್ಟೆಯನ್ನು ಒಳಗೇ ತಡೆದಿಟ್ಟುಕೊಂಡರೆ ಚಿಪ್ಪಿನ ಮೇಲೆ ಹೀಗೆ ಇನ್ನೊಂದು ಪದರ ಕೂರುತ್ತದೆ. ನಿಮ್ಮ ಗೂಡಲ್ಲೂ ಇಂಥದ್ದು ಕಂಡರೆ ಬಲ್ಬಿನ ಯೋಚನೆ ಬಿಡಿ. ರಾತ್ರಿ ಮುಂಗುಸಿ ಸುಳಿಯುತ್ತಿದೆಯಾ, ನಾಯಿ ಬರುತ್ತಿದೆಯಾ, ಮಾಡಿನ ತಗಡು ಬಡಿದುಕೊಳ್ಳುತ್ತಿದೆಯಾ ನೋಡಿ.

ಇನ್ನೊಂದು ಮಾತು. ಮೊಟ್ಟೆ ನಿಂತಿದ್ದನ್ನು ನೀವು ರೋಗದ ಹಾಗೆ ನೋಡುತ್ತಿದ್ದೀರಿ, ಅದನ್ನು ನಾನು ಒಪ್ಪುವುದಿಲ್ಲ. ಗರಿ ಉದುರಿಸುತ್ತಿರುವ ಕೋಳಿಯನ್ನು ಸುಮ್ನೆ ಬಿಡಿ. ಹೊಸ ಗರಿಗೂ ಮೊಟ್ಟೆಗೂ ಒಟ್ಟಿಗೆ ಪ್ರೋಟೀನ್ ಎಲ್ಲಿಂದ ತರಬೇಕು ಅದು? ಉಪ್ಪು ಹಾಕದ ಒಣಮೀನು ಪುಡಿ ಮಾಡಿ ಸ್ವಲ್ಪ ಕೊಡಿ.

ಗರಿ ಪೂರ್ತಿ ಬಂದ ಮೇಲೂ ಬೆಳಕು ಬೇಕೇ ಬೇಕು ಅನಿಸಿದರೆ ಬೆಳಗಿನ ಜಾವ ಕೊಡಿ. ಟೈಮರ್ ಹಾಕಿ. ವಾರಕ್ಕೆ ಅರ್ಧ ಗಂಟೆಯಂತೆ ಹಿಂದೆ ಸರಿಸುತ್ತಾ ನಾಲ್ಕು ಗಂಟೆಗೆ ತನ್ನಿ. ಬಿಸಿಲೂ ಸೇರಿ ಒಟ್ಟು 14 ಗಂಟೆ ಆಗುತ್ತದೆ, ಧಾರಾಳ ಸಾಕು. ನಿಲ್ಲಿಸುವಾಗಲೂ ಹಾಗೇ ನಿಧಾನಕ್ಕೆ ಇಳಿಸಿ. ಸಂಜೆ ಮಾತ್ರ ತಾನಾಗೇ ಕತ್ತಲಾಗಲಿ, ಕೋಳಿಗಳು ತಾವೇ ಕೋಲು ಹತ್ತುತ್ತವೆ.