ಒಂಟಿ ಆಟಗಾರನ ಅಂಕ, ಗುಂಪಿನ ಗೆಲುವು

ಪ್ರಶ್ನೆ: ಐದೈದು ಜನರ ಎರಡು ತಂಡಗಳು ಸೆಣಸುವ ಆನ್‌ಲೈನ್ ಶೂಟಿಂಗ್ ಗೇಮೊಂದರ ರ‍್ಯಾಂಕ್ಡ್ (ಗೆದ್ದರೆ ಅಂಕ ಏರುವ, ಸೋತರೆ ಇಳಿಯುವ) ಪಂದ್ಯಗಳನ್ನು ನಾನು ಒಬ್ಬನೇ ಆಡುತ್ತೇನೆ. ನನ್ನ ತಂಡಕ್ಕೆ ಬರುವ ನಾಲ್ವರೂ ಅಪರಿಚಿತರು. ಎದುರಿಗೆ ಬಹಳ ಸಲ ಮೊದಲೇ ಕೂಡಿಕೊಂಡು ಬಂದ ಗೆಳೆಯರ ಗುಂಪು. ಸೋತರೆ ಅಂಕ ಮಾತ್ರ ಎಂದಿನಷ್ಟೇ ಹೋಗುತ್ತದೆ. ಇದು ನ್ಯಾಯವೇ?
– ಪದವಿ ವಿದ್ಯಾರ್ಥಿ, ಶಿರಸಿ

ಉತ್ತರ: ನಿಮ್ಮ ದೂರಿನಲ್ಲಿ ಹುರುಳಿದೆ, ಆದರೆ ಅದು ಸೋಲಿಗಿಂತ ಅಂಕದ ಲೆಕ್ಕಕ್ಕೆ ಹೆಚ್ಚು ಸಂಬಂಧಿಸಿದ್ದು. ನಮ್ಮ ಕರಾವಳಿಯ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳಲ್ಲಿ, ಅಂದೇ ಸಂಜೆ ಆರು ಜನರನ್ನು ಕಲೆಹಾಕಿ ಇಳಿಸಿದ ತಂಡವು ವರ್ಷವಿಡೀ ಒಟ್ಟಿಗೆ ಆಡಿದ ತಂಡದೆದುರು ಸೋತರೆ ಯಾರೂ ಆಕ್ಷೇಪಿಸುವುದಿಲ್ಲ. ಅಲ್ಲಿ ಕಪ್ ಸಲ್ಲುವುದು ತಂಡಕ್ಕೆ. ರ‍್ಯಾಂಕ್ಡ್ ಗೇಮಾದರೋ ತಂಡದ ಗೆಲುವನ್ನು ಒಬ್ಬೊಬ್ಬರ ಹೆಸರಿನ ಮುಂದೆ ವೈಯಕ್ತಿಕ ಅಂಕವಾಗಿ ಬರೆದು, ಒಬ್ಬನೇ ಆಡಿ ಗಳಿಸಿದವನನ್ನೂ ಗುಂಪಿನ ಬಲದಿಂದ ಏರಿದವನನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸುತ್ತದೆ.

ಚೆಸ್ ಆಟಗಾರರಿಗಾಗಿ ಅರ್ಪಾಡ್ ಎಲೊ ರೂಪಿಸಿದ, ಅಂತರರಾಷ್ಟ್ರೀಯ ಚೆಸ್ ಒಕ್ಕೂಟವು 1970ರಲ್ಲಿ ಒಪ್ಪಿಕೊಂಡ ಶ್ರೇಯಾಂಕ ಪದ್ಧತಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಪ್ರಕಾರ ಸಮಾನ ಅಂಕದವರು ಎದುರಾದಾಗ ಇಬ್ಬರ ನಿರೀಕ್ಷೆಯೂ (ಪಂದ್ಯದ ಫಲದಲ್ಲಿ ಸಿಗಬಹುದಾದ ಪಾಲು) ಶೇ. 50, ನೂರು ಅಂಕ ಹೆಚ್ಚಿರುವವನದು ಸುಮಾರು ಶೇ. 64. ಒಟ್ಟಿಗೆ ಆಡಿ ಪಳಗಿದವರ ಹೊಂದಾಣಿಕೆಯು ನೂರು ಅಂಕಕ್ಕೆ ಸಮವೆಂದು ಇಟ್ಟುಕೊಂಡರೆ, ಪಂದ್ಯವೊಂದರಲ್ಲಿ ಗರಿಷ್ಠ 20 ಅಂಕ ಪಣಕ್ಕಿರುವಲ್ಲಿ ಸೋತ ನೀವು ಕಳೆದುಕೊಳ್ಳಬೇಕಾದದ್ದು ನಿಮ್ಮ ನಿರೀಕ್ಷೆಯಾದ ಶೇ. 36ರಷ್ಟು, ಅಂದರೆ ಸುಮಾರು 7 ಅಂಕ. ಗೇಮು ಆ ಹೊಂದಾಣಿಕೆಯನ್ನು ಗಮನಿಸದೆ ಪಂದ್ಯವನ್ನು ಸಮಬಲದ್ದೆಂದು ಎಣಿಸಿದರೆ 10 ಹೋಗುತ್ತದೆ. ಆ ಹೆಚ್ಚಿನ ಮೂರು ಅಂಕವೇ ನಿಮಗಾಗುತ್ತಿರುವ ಅನ್ಯಾಯ.

ಒಂಟಿ ಆಟಗಾರರಿಗೆ ಬೇರೆ ಕ್ಯೂ (ಪಂದ್ಯಕ್ಕಾಗಿ ಕಾಯುವ ಸರದಿ) ಮಾಡುವುದು ಎಲ್ಲರಿಗೂ ಥಟ್ಟನೆ ಹೊಳೆಯುವ ಪರಿಹಾರ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆನ್‌ಲೈನ್ ಗೇಮು 2016ರಲ್ಲಿ ಒಂಟಿಗಳನ್ನೂ ಗುಂಪುಗಳನ್ನೂ ಒಂದೇ ಕ್ಯೂಗೆ ತಂದು, ಆಟಗಾರರ ಆಕ್ಷೇಪ ಬಲವಾದ ಮೇಲೆ 2017ರ ಋತುವಿನಲ್ಲಿ ಒಬ್ಬರು ಅಥವಾ ಇಬ್ಬರಿಗಷ್ಟೇ ತೆರೆದ ಕ್ಯೂವನ್ನು ಮರಳಿ ತಂದು, ದೊಡ್ಡ ಗುಂಪುಗಳಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿತು. ಅಷ್ಟು ಆಟಗಾರರಿರುವ ಗೇಮಿಗೆ ಅದು ಸಾಧ್ಯ. ಆಟಗಾರರು ಕಡಿಮೆಯಿರುವಲ್ಲಿ ಕ್ಯೂ ಒಡೆದರೆ ಕಾಯುವ ಹೊತ್ತು ಬೆಳೆಯುತ್ತದೆ. ಕಾಯಿಸಬಾರದೆಂದು ಅಂಕದ ಅಂತರವನ್ನು ಸಡಿಲಿಸಿದರೆ ನಿಮಗಿಂತ ಎಷ್ಟೋ ಬಲಿಷ್ಠರು ಎದುರಾಗುತ್ತಾರೆ, ದೂರದ ಸರ್ವರ್‌ಗೆ ಕಳಿಸಿದರೆ ಪಿಂಗ್ (ಸಂಕೇತ ಹೋಗಿಬರಲು ಹಿಡಿಯುವ ಹೊತ್ತು) ಏರುತ್ತದೆ. (ಮಳೆಗಾಲದ ಶಿರಸಿಯ ನೆಟ್‌ವರ್ಕಿಗೆ ಅದೂ ಸೇರಿದರೆ ಆಡಿದಂತೆಯೇ ಸರಿ.) ಹಾಗಾಗಿ ಸಣ್ಣ ಗೇಮುಗಳಲ್ಲಿ ಗುಂಪಿನ ಹೊಂದಾಣಿಕೆಗೆ ಇಂತಿಷ್ಟು ಅಂಕವೆಂದು ಸೇರಿಸಿಕೊಂಡು ಎದುರಾಳಿಯನ್ನು ಜೋಡಿಸುವುದು, ಹಾಗೆ ಸೇರಿಸಿದ್ದನ್ನು ಎಲ್ಲರಿಗೂ ಕಾಣುವಂತೆ ತೋರಿಸುವುದು ಹೆಚ್ಚು ಸರಿಯೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಾವು ನಾಲ್ವರು ಗೆಳೆಯರು. ನಾವು ಆಡುವ ಗೇಮಿನ ರ‍್ಯಾಂಕ್ಡ್ ಪಂದ್ಯಕ್ಕೆ ಮೂವರು ಸೇರಬಹುದು, ಐವರು ಸೇರಬಹುದು, ನಾಲ್ವರು ಮಾತ್ರ ಸೇರುವಂತಿಲ್ಲ. ಇದೆಂಥ ನಿಯಮ?
– ಓದುಗ, ಕಾರವಾರ

ಉತ್ತರ: ವ್ಯಾಲರಂಟ್‌ ಎಂಬ ಐದೈದು ಜನರ ಶೂಟಿಂಗ್ ಗೇಮಿನಲ್ಲಿಯೂ ಇದೇ ನಿಯಮವಿದೆ, ಅದು ಐದನೆಯವನ ರಕ್ಷಣೆಗಾಗಿ ಇರುವಂಥದ್ದು. ನೀವು ನಾಲ್ವರು ನಿಮ್ಮದೇ ವಾಯ್ಸ್ ಚಾಟ್‌ನಲ್ಲಿ ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ಮಾತಾಡಿಕೊಂಡು ಆಡುವಾಗ, ಎಲ್ಲಿಂದಲೋ ಬಂದು ಸೇರಿದ ಆ ಒಬ್ಬನಿಗೆ ಎದುರಾಳಿ ಯಾವ ಕಡೆಯಿಂದ ಬರುತ್ತಿದ್ದಾನೆಂಬುದೂ ತಿಳಿಯುವುದಿಲ್ಲ, ಸೋಲಾದರೆ ಬೈಗುಳ ಬೀಳುವುದೂ ಅವನ ಮೇಲೆಯೇ. ಮೂವರ ಗುಂಪಾದರೆ ಹೊರಗಿನವರು ಇಬ್ಬರಿರುತ್ತಾರೆ. ಅವರು ಪರಸ್ಪರರಿಗಾದರೂ ಆಗಿಬರುತ್ತಾರೆ. ಐದನೆಯ ಗೆಳೆಯ ಸಿಗುವವರೆಗೆ ರ‍್ಯಾಂಕ್ ಇಲ್ಲದ ಪಂದ್ಯಗಳನ್ನು ಆಡಿ. ವ್ಯಾಲರಂಟ್‌ನಲ್ಲಿ ಅಲ್ಲಿ ನಾಲ್ವರಿಗೂ ಅವಕಾಶವಿದೆ.