ಹೀಲಿಯಂ ಬಲೂನಿಗೆ ಬಿಟ್ಟರೆ ಇನ್ನು ಯಾವುದಕ್ಕೆ ಬೇಕು? ಅಷ್ಟು ದುಬಾರಿ ಯಾಕೆ?

ಬಲೂನು ತುಂಬುವುದು ಅದರ ಸಣ್ಣ ಕೆಲಸ. ನಾನು ವ್ಯಾಕ್ಯೂಮ್ ಚೇಂಬರ್, ಅಂದರೆ ಒಳಗಿನ ಗಾಳಿ ತೆಗೆದು ಬಳಸುವ ಗಟ್ಟಿ ಪೆಟ್ಟಿಗೆ, ಮಾಡುವ ಒಂದು ಕಾರ್ಖಾನೆಯಲ್ಲಿದ್ದೇನೆ. ದಿನಾ ಹೀಲಿಯಂ ಹಿಡಿದು ಸೋರಿಕೆ ಹುಡುಕುವುದೇ ನನ್ನ ಕೆಲಸ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಚೇಂಬರ್ ಒಳಗಿನ ಗಾಳಿಯನ್ನು ಪಂಪ್ ಹಾಕಿ ತೆಗೆದು, ಲೀಕ್ ಡಿಟೆಕ್ಟರ್, ಅಂದರೆ ಒಳಗೆ ಹೀಲಿಯಂ ಬಂದರೆ ಗುರುತಿಸುವ ಯಂತ್ರ, ಜೋಡಿಸುತ್ತೇವೆ. ಆಮೇಲೆ ಹೊರಗಿನಿಂದ ವೆಲ್ಡಿಂಗ್ ಮೇಲೆಲ್ಲ ಸಣ್ಣ ಗನ್‌ನಲ್ಲಿ ಹೀಲಿಯಂ ಬಿಡುತ್ತಾ ಹೋಗುವುದು. ಕಣ್ಣಿಗೆ ಕಾಣದ ತೂತಿದ್ದರೂ ಅದು ಒಳಗೆ ನುಗ್ಗುತ್ತದೆ, ಯಂತ್ರ ಕುಂಯ್ ಅನ್ನುತ್ತದೆ. ಹೀಲಿಯಂ ಪರಮಾಣು ತೀರಾ ಪುಟ್ಟದು. ಯಾವುದರ ಜೊತೆಗೂ ಬೆರೆತು ಹೊಸದೇನೂ ಆಗುವುದಿಲ್ಲ, ಬೆಂಕಿಯ ಭಯವೂ ಇಲ್ಲ. ಮಾಮೂಲಿ ಗಾಳಿಯಲ್ಲಿ ಅದು ಇರುವುದೇ 10 ಲಕ್ಷಕ್ಕೆ 5 ಭಾಗ. ಹಾಗಾಗಿ ಯಂತ್ರ ಕೂಗಿದರೆ ಅದು ನನ್ನ ಗನ್ನಿನದೇ ಅಂತ ಲೆಕ್ಕ. ನಾವು ಹಿಡಿಯುವ ಕೆಲವು ತೂತುಗಳಲ್ಲಿ ಒಂದು ಸೀಸಿ ಗಾಳಿ ಒಳಗೆ ಹೋಗಲು 30 ವರ್ಷ ಬೇಕು!

ಗನ್ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬರಬೇಕು. ಹೀಲಿಯಂ ಹಗುರ, ಮೇಲಕ್ಕೇರುತ್ತದೆ ಅಲ್ವಾ? ಹೊಸದರಲ್ಲಿ ನಾನು ಕೆಳಗಿನಿಂದ ಶುರು ಮಾಡಿ, ಕೆಳಗಿನ ವೆಲ್ಡ್ ಲೀಕ್ ಅಂತ ಬರೆದುಕೊಟ್ಟೆ. ಪಾಪ, ವೆಲ್ಡರ್ ಅದನ್ನು ಉಜ್ಜಿ ತೆಗೆದು ಮತ್ತೆ ಹಾಕಿದ. ತೂತಿದ್ದದ್ದು ಮೇಲಿನ ಫ್ಲ್ಯಾಂಜಿನಲ್ಲಿ, ಅಂದರೆ ಭಾಗಗಳನ್ನು ಜೋಡಿಸುವ ಅಂಚಿನ ಪಟ್ಟಿಯಲ್ಲಿ. ಟೀ ಹೊತ್ತಿಗೆ ಅವನು ಇವತ್ತಿಗೂ ಅದನ್ನೇ ಎತ್ತುತ್ತಾನೆ.

ಇನ್ನು ದೊಡ್ಡ ಬಳಕೆ ಅಂದರೆ ತಣ್ಣಗಿಡುವುದು. ದ್ರವ ಹೀಲಿಯಂ ಕುದಿಯುವುದೇ ಮೈನಸ್ 269 ಡಿಗ್ರಿಯಲ್ಲಿ. ಎಂಆರ್‌ಐ ಯಂತ್ರದಲ್ಲಿ ನಿಯೋಬಿಯಂ-ಟೈಟೇನಿಯಂ ತಂತಿಯ ಸುರುಳಿ ಇರುತ್ತದೆ. ಅಷ್ಟು ಚಳಿಯಲ್ಲಿ ಅದರೊಳಗೆ ಕರೆಂಟು ಒಂಚೂರೂ ತಡೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಹಳೆ ಮಾದರಿಗಳಲ್ಲಿ ಸಾವಿರ ಲೀಟರಿಗೂ ಜಾಸ್ತಿ ದ್ರವ ಹೀಲಿಯಂ ಹಿಡಿಯುತ್ತದೆ. ಅದು ಆವಿಯಾದರೆ 700 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಅದಕ್ಕೇ ಆ ಕೋಣೆಯಿಂದ ಹೊರಕ್ಕೆ ಒಂದು ದಪ್ಪ ಪೈಪ್ ಹಾಕಿರುತ್ತಾರೆ. ಜಿನೀವಾ ಹತ್ತಿರದ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ 27 ಕಿಲೋಮೀಟರ್ ಸುತ್ತಳತೆಯ ಯಂತ್ರಕ್ಕೆ ಸುಮಾರು 120 ಟನ್ ಬೇಕು. 2008ರಲ್ಲಿ ಅಲ್ಲಿ ಒಂದು ಕರೆಂಟ್ ಜಾಯಿಂಟ್ ಕೆಟ್ಟು ಟನ್‌ಗಟ್ಟಲೆ ಹೀಲಿಯಂ ಸುರಂಗಕ್ಕೆ ನುಗ್ಗಿತು. ರಿಪೇರಿಗೆ ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಒಂದೇ ಒಂದು ಜಾಯಿಂಟ್!

ರಾಕೆಟ್‌ನಲ್ಲೂ ಬೇಕು. ದ್ರವ ಹೈಡ್ರೋಜನ್ ಟ್ಯಾಂಕಿನಲ್ಲಿ ಒತ್ತಡ ಕಾಯಲು ನೈಟ್ರೋಜನ್ ತುಂಬಿದರೆ ಆ ಚಳಿಗೆ ಅದೇ ಹೆಪ್ಪುಗಟ್ಟುತ್ತದೆ, ಹೀಲಿಯಂ ಹಾಗಾಗುವುದಿಲ್ಲ. ಆಳ ಸಮುದ್ರದ ಡೈವರ್‌ಗಳ ಸಿಲಿಂಡರಿನಲ್ಲಿ ಆಮ್ಲಜನಕದ ಜೊತೆ ಹೀಲಿಯಂ ಇರುತ್ತದೆ. ಸುಮ್ನೆ ಬಲೂನಿನಿಂದ ಎಳೆದು ಕೀರಲು ದನಿ ಮಾಡುವ ಆಟ ಮಾತ್ರ ಬೇಡ, ಅದರಲ್ಲಿ ಉಸಿರಾಡಲು ಆಮ್ಲಜನಕ ಇರುವುದಿಲ್ಲ.

ದುಬಾರಿ ಯಾಕೆ ಅಂದರೆ, ನೆಲದಡಿಯಲ್ಲಿ ಯುರೇನಿಯಂ, ಥೋರಿಯಂ ನಿಧಾನಕ್ಕೆ ಒಡೆಯುತ್ತಾ ಹುಟ್ಟಿಸಿದ ಹೀಲಿಯಂ ಕೆಲವು ಕಡೆಯ ನೈಸರ್ಗಿಕ ಅನಿಲದಲ್ಲಷ್ಟೇ ಸಿಗುತ್ತದೆ. ಅಮೆರಿಕ, ಕತಾರ್, ಅಲ್ಜೀರಿಯಾ ಅಂಥ ಜಾಗಗಳು. ನಮ್ಮ ದೇಶ ಬಹುಪಾಲು ಆಮದು ಮಾಡಿಕೊಳ್ಳುತ್ತದೆ. ಗಾಳಿಗೆ ಬಿಟ್ಟದ್ದು ಕೊನೆಗೆ ಬಾಹ್ಯಾಕಾಶಕ್ಕೇ ಹೋಗುತ್ತದೆ. ದೊಡ್ಡ ಲ್ಯಾಬ್‌ಗಳಲ್ಲಿ ಆವಿಯನ್ನು ಹಿಡಿದು ಮತ್ತೆ ದ್ರವ ಮಾಡುತ್ತಾರೆ. ನಮ್ಮಂಥ ಕಡೆ ಅದೆಲ್ಲ ಇಲ್ಲ. ಟೆಸ್ಟ್ ಮುಗಿದ ಕೂಡಲೇ ಸಿಲಿಂಡರಿನ ವಾಲ್ವ್ ಬಿಗಿದು, ಮುಚ್ಚಿದೆನಾ ಅಂತ ಇನ್ನೊಮ್ಮೆ ಹೋಗಿ ನೋಡಿ ಬರುತ್ತೇನೆ.