ಮೌಸ್ ಅವರ ಕೈಯಲ್ಲೇ ಇರಲಿ

"ಮೇಡಂ, ಒಂದು ಆಟ ಕಲಿಯೋಕೆ ಆಗ್ತಿಲ್ಲ ಅಂತ ಯಾರಾದ್ರೂ ನಿಮ್ಮ ಹತ್ರ ಬರ್ತಾರಾ?"

ಕುರ್ಚಿಯಲ್ಲಿ ಕೂರುವ ಮೊದಲೇ ಆಕೆ ಕೇಳಿದ ಪ್ರಶ್ನೆ ಇದು. ಯಾಕೆ ಬರಬಾರದು, ಕೂತ್ಕೊಳ್ಳಿ ಅಂದೆ. ತುಮಕೂರಿನಲ್ಲಿ ಆಟದ ವಿಷಯಕ್ಕೆ ನನ್ನ ಹತ್ರ ಆಪ್ತಸಲಹೆಗೆ ಬರುವವರು ಹೆಚ್ಚಾಗಿ ಅಪ್ಪ ಅಮ್ಮಂದಿರು. ಮಗ ಮೊಬೈಲ್ ಬಿಡ್ತಿಲ್ಲ, ಊಟಕ್ಕೆ ಕರೆದರೆ ಬರ್ತಿಲ್ಲ ಅಂತ. ಆಟ ಬಿಡಿಸಿ ಅನ್ನುವವರೇ ಎಲ್ಲ. ಆಟ ಕಲಿಯಬೇಕು, ಆಗ್ತಿಲ್ಲ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಬಂದವರು ಇವರೇ ಮೊದಲು.

ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಯನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಟೀಚರ್‌ಗೆ 28 ವರ್ಷ. ತವರು ತಿಪಟೂರು ಕಡೆ. ಇಲ್ಲಿನ ಒಂದು ಶಾಲೆಯಲ್ಲಿ ಆರು, ಏಳನೇ ತರಗತಿಗೆ ಗಣಿತ ಹೇಳಿಕೊಡುತ್ತಾರೆ. ಮದುವೆಯಾಗಿ ಒಂದು ವರ್ಷದ ಮೇಲಾಗಿದೆ. ಗಂಡನಿಗೆ ಬೆಂಗಳೂರಿನಲ್ಲಿ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತಾರೆ. ಬೆಳಿಗ್ಗೆ ಬೆಳಕು ಸರಿಯಾಗಿ ಹರಿಯುವ ಮುಂಚೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ. ಬಂದು, ಉಂಡು, ಮಲಗುತ್ತಾರೆ. ಶನಿವಾರ ರಾತ್ರಿ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಕಾಲೇಜಿನ ಗೆಳೆಯರು ಎಂಟು ಜನ ಬೇರೆ ಬೇರೆ ಊರುಗಳಿಂದ ಸೇರುತ್ತಾರೆ. ಆಡುವುದು ಅರ್ಮಾ 3.

ಈ ಆಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಆಕೆ ಯಾಕೆ ಅತ್ತರು ಅನ್ನುವುದು ಅರ್ಥವಾಗುವುದಿಲ್ಲ. ಇದು ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯ ಆಟ. 2013ರಲ್ಲಿ ಬಂತು. ಅದೇ ಕಂಪನಿ 2001ರಲ್ಲಿ ಇಂಥದ್ದೇ ಒಂದು ಯುದ್ಧದ ಆಟ ತಂದಿತ್ತು, ಅದರ ಮುಂದುವರಿಕೆ ಇದು. ಅದೇ ಬೇರಿನಿಂದ ಬೆಳೆದ ವಿಬಿಎಸ್ ಎಂಬ ಸಾಫ್ಟ್‌ವೇರನ್ನು ಹಲವು ದೇಶಗಳ ಸೈನ್ಯ ತರಬೇತಿಗೆ ಬಳಸಿವೆ. ಬೇರೆ ಎಷ್ಟೋ ಬಂದೂಕಿನ ಆಟಗಳಲ್ಲಿ ಗುಂಡು ಬಿದ್ದರೆ ಗೋಡೆ ಹಿಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಜೀವ ತಾನಾಗಿ ತುಂಬಿಕೊಳ್ಳುತ್ತದೆ. ಇಲ್ಲಿ ಹಾಗಿಲ್ಲ. ಒಂದೋ ಎರಡೋ ಗುಂಡಿಗೆ ಕಥೆ ಮುಗಿಯಿತು. ಹೊಡೆದವನು ಕಣ್ಣಿಗೆ ಬೀಳುವುದೂ ಅಪರೂಪ. ಗುಂಡು ಪಕ್ಕದಲ್ಲಿ ಹಾದ ಚಟ್ ಶಬ್ದ ಮೊದಲು ಕೇಳುತ್ತದೆ, ಬಂದೂಕಿನ ಢಂ ಶಬ್ದ ಆಮೇಲೆ ಬರುತ್ತದೆ. ನಡುವಿನ ಅಂತರದಿಂದ ಶತ್ರು ಎಷ್ಟು ದೂರ ಇದ್ದಾನೆ ಅಂತ ಅಂದಾಜು ಮಾಡಬೇಕು. ಓಡಿದರೆ ಏದುಸಿರು, ಏದುಸಿರು ಬಂದರೆ ಬಂದೂಕು ಅಲ್ಲಾಡುತ್ತದೆ. ನಿಲ್ಲುವುದಕ್ಕೆ, ಕೂರುವುದಕ್ಕೆ, ಮಲಗುವುದಕ್ಕೆ, ಓರೆಯಾಗಿ ಇಣುಕುವುದಕ್ಕೆ ಒಂದೊಂದು ಕೀ. ಇಪ್ಪತ್ತು ನಿಮಿಷ ಬೆಟ್ಟ ಹತ್ತಿಕೊಂಡು ಹೋಗಿ ಒಂದು ಕ್ಷಣದಲ್ಲಿ ಸಾಯುವುದು ಇಲ್ಲಿ ಮಾಮೂಲು.

ಅಂಥ ಆಟಕ್ಕೆ ಗಂಡ ಹೆಂಡತಿಯನ್ನು ಪ್ರೀತಿಯಿಂದಲೇ ಕರೆದರು. ಕರೆದು, ನೇರ ಗುಂಡಿನ ಕಾಳಗದ ನಡುವೆ ಕೂರಿಸಿದರು. ಆಕೆ ತಡವರಿಸಿದಾಗಲೆಲ್ಲ "ಬಿಡು, ನಾನ್ ತೋರಿಸ್ತೀನಿ" ಅಂತ ಮೌಸ್ ಕಿತ್ತುಕೊಂಡರು. ಹೀಗೆ ನಾಲ್ಕು ಶನಿವಾರ. ನಾಲ್ಕನೇ ಸಲ ಆಕೆಗೆ ತಲೆ ಸುತ್ತಿ ವಾಂತಿಯಾಯಿತು. ಬಾತ್‌ರೂಮಿನಿಂದ ಬಂದಾಗ ಗಂಡ ಹೇಳಿದ್ದು ಇಷ್ಟು: "ಹೋಗ್ಲಿ ಬಿಡು, ಇದು ನಿನ್ ಕೈಲಾಗೋದಲ್ಲ."

ಆ ಮಾತು ಕೋಪದಲ್ಲಿ ಬಂದದ್ದಲ್ಲ, ಅಯ್ಯೋ ಪಾಪ ಅನ್ನಿಸಿ ಬಂದದ್ದು. ಆದರೆ ಮೂರು ವಾರ ಆಕೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಶಾಲೆಯಲ್ಲಿ ಬೋರ್ಡ್ ಮುಂದೆ ನಿಂತಾಗಲೂ ನೆನಪಾಗುತ್ತಿತ್ತಂತೆ.

ನಾನು ಮೊದಲು ನೋಡಬೇಕಾಗಿದ್ದು ಗಂಡನ ಆಟ ಚಟವಾಗಿದೆಯೇ ಅನ್ನುವುದನ್ನು. ಅತ್ತೆಗೂ ಆ ಅನುಮಾನ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ 2022ರ ಜನವರಿಯಿಂದ ಆಟದ ಚಟ ಸೇರಿದೆ. ಆದರೆ ಜಾಸ್ತಿ ಆಡುವುದೆಲ್ಲ ಚಟವಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು. ಊಟ, ನಿದ್ದೆ, ಕೆಲಸ, ಮನೆಗಿಂತ ಆಟವೇ ಮುಂದಾಗಿರಬೇಕು. ಕೆಟ್ಟದ್ದಾಗುತ್ತಿದೆ ಅಂತ ಗೊತ್ತಾದರೂ ನಿಲ್ಲಿಸಲು ಆಗುತ್ತಿರಬಾರದು. ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರಬೇಕು. ಇವರಲ್ಲಿ ಅದ್ಯಾವುದೂ ಇರಲಿಲ್ಲ. ಇದ್ದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಅಲ್ಲಿ 2014ರಿಂದ ಇದಕ್ಕಾಗಿಯೇ ಶಟ್ ಕ್ಲಿನಿಕ್ ಇದೆ. ಓದುವವರ ಮನೆಯಲ್ಲಿ ಯಾರಿಗಾದರೂ ಈ ಲಕ್ಷಣ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆಮೇಲೆ ಟೀಚರನ್ನೇ ಕೇಳಿದೆ. "ನಿಮಗೆ ಈ ಆಟ ಬೇಕಾ? ಗಂಡನ ಇಷ್ಟವೆಲ್ಲ ಹೆಂಡತಿಯ ಇಷ್ಟವೂ ಆಗಬೇಕು ಅಂತ ಏನಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇವ್ರು ಆ ಹೆಡ್‌ಫೋನ್ ಹಾಕ್ಕೊಂಡು ನಗ್ತಾರಲ್ಲ ಮೇಡಂ, ಆ ನಗು ನನ್ ಹತ್ರ ಇನ್ನೂ ಬಂದಿಲ್ಲ. ಅದೇನು ಅಂತ ನೋಡ್ಬೇಕು."

ಇದು ಪ್ರಾಮಾಣಿಕ ಉತ್ತರ. ಆದರೂ ಇದರ ಮೇಲೊಂದೇ ಕಲಿಕೆ ನಿಲ್ಲುವುದಿಲ್ಲ ಅಂತ ನನಗೆ ಅನ್ನಿಸಿತು. ಬೇರೆಯವರ ನಗುವಿಗಾಗಿ ಕಲಿತದ್ದು ಅವರು ನಗದ ದಿನ ಭಾರವಾಗುತ್ತದೆ. ಆರು ವಾರ ನೋಡಿ, ಅಷ್ಟರಲ್ಲಿ ನಿಮ್ಮದೇ ಆದ ಒಂದು ಕಾರಣ ಸಿಗದಿದ್ದರೆ ಬಿಟ್ಟುಬಿಡಿ, ಅದು ಸೋಲಲ್ಲ ಅಂದೆ. ಮುಂದಿನ ಭಾನುವಾರ ಗಂಡನನ್ನೂ ಕರೆದುಕೊಂಡು ಬರಲು ಹೇಳಿದೆ.

ಗಂಡ ಬಂದರು. ಸಂಕೋಚದ ಮನುಷ್ಯ. ಕೂತ ತಕ್ಷಣ "ನಾನೇನೂ ಬೈದಿಲ್ಲ ಮೇಡಂ" ಅಂದರು. ಗೊತ್ತು ಅಂದೆ. ಅವರಿಗೆ ಏನೂ ಹೇಳದೆ ಟೀಚರ್ ಕಡೆ ತಿರುಗಿ ಕೇಳಿದೆ: "ನಿಮ್ಮ ಆರನೇ ಕ್ಲಾಸಲ್ಲಿ ಒಂದು ಮಗು ಭಾಗಾಕಾರ ತಪ್ಪು ಮಾಡ್ತಾ ಇದೆ. ಏನ್ ಮಾಡ್ತೀರಿ?"

"ಪಕ್ಕದಲ್ಲಿ ನಿಂತ್ಕೋತೀನಿ. ಅದೇ ಮುಗಿಸ್ಲಿ ಅಂತ ಬಿಡ್ತೀನಿ. ಆಮೇಲೆ ಎಲ್ಲಿ ತಪ್ಪಿತು ಅಂತ ಅದನ್ನೇ ಕೇಳ್ತೀನಿ."

"ಪೆನ್ಸಿಲ್ ಕಿತ್ಕೊಂಡು ನೀವೇ ಬರೆದುಬಿಟ್ರೆ?"

"ಅಯ್ಯೋ, ಹಾಗೆ ಮಾಡಿದ್ರೆ ಆ ಮಗು ಮತ್ತೆ ಕೈ ಎತ್ತಲ್ಲ ಮೇಡಂ."

ಗಂಡ ತಲೆ ತಗ್ಗಿಸಿದರು. ಆ ಭೇಟಿಯಲ್ಲಿ ನಾನು ಮಾಡಿದ ಕೆಲಸ ಅಷ್ಟೇ, ಉಳಿದದ್ದನ್ನು ಟೀಚರೇ ಹೇಳಿ ಮುಗಿಸಿದ್ದರು.

ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಇದನ್ನು ಬರೆದಿದ್ದಾರೆ. ನನ್ನ ಕೈಲಾಗುತ್ತದೆ ಅನ್ನುವ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಹುಟ್ಟುವುದು ನಾವೇ ಮಾಡಿ ಗೆದ್ದ ಅನುಭವದಿಂದ. ಅದಾದ ಮೇಲೆ, ನಮ್ಮಂಥವರೇ ಮಾಡುವುದನ್ನು ನೋಡುವುದರಿಂದ. ಸಾವಿರಾರು ಗಂಟೆ ಆಡಿದ ಗಂಡ, ಮೊನ್ನೆ ಮೊದಲ ಸಲ ಮೌಸ್ ಹಿಡಿದ ಹೆಂಡತಿಗೆ 'ನಮ್ಮಂಥವರು' ಅಲ್ಲವೇ ಅಲ್ಲ. ಅವರು ಚೆನ್ನಾಗಿ ಆಡಿ ತೋರಿಸಿದಷ್ಟೂ ಆಕೆ ಇನ್ನಷ್ಟು ಕುಗ್ಗಿದ್ದರು.

ಹಾಗಾಗಿ ಗಂಡನಿಗೆ ಹೇಳಿದ್ದು ಹೀಗೆ. ಆಕೆ ಆಡುವಾಗ ನಿಮ್ಮ ಕುರ್ಚಿ ಒಂದು ಮಾರು ಹಿಂದೆ ಇರಲಿ. ಮೌಸ್ ಮುಟ್ಟಬೇಡಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ತಪ್ಪು ದಾರಿ ಹಿಡಿದರೆ ಹಿಡಿಯಲಿ. ಎರಡು ಗಂಟೆಯ ಶನಿವಾರದ ಆಟ ಬೇಡ, ವಾರಕ್ಕೆ ಮೂರು ದಿನ ಅರ್ಧ ಗಂಟೆ ಸಾಕು, ಅದೂ ಆಕೆಗೆ ಸುಸ್ತಿಲ್ಲದ ದಿನ.

ಟೀಚರ್‌ಗೆ ಹೇಳಿದ್ದು ಬೇರೆ. ಮೊದಲ ಎರಡು ವಾರ ಶತ್ರುಗಳೇ ಬೇಡ. ಈ ಆಟದ ಒಳಗೇ ಒಂದು ಎಡಿಟರ್ ಇದೆ, ಅದರಲ್ಲಿ ಖಾಲಿ ದ್ವೀಪ ತೆರೆದು ಒಬ್ಬರೇ ನಡೆಯಬಹುದು. ತಲೆ ಸುತ್ತುವುದಕ್ಕೂ ದಾರಿ ಇತ್ತು. ಪರದೆ ಓಡಾಡುತ್ತದೆ, ಮೈ ಕೂತಲ್ಲೇ ಇರುತ್ತದೆ, ಕಣ್ಣಿಗೂ ಕಿವಿಯೊಳಗಿನ ಸಮತೋಲನಕ್ಕೂ ತಾಳೆಯಾಗದೆ ವಾಕರಿಕೆ ಬರುತ್ತದೆ. ಇದು ಹೆದರಿಕೆಯಲ್ಲ, ಅಸಾಮರ್ಥ್ಯವೂ ಅಲ್ಲ. ಆಟದ ಸೆಟ್ಟಿಂಗ್‌ನಲ್ಲಿ ತಲೆಯ ಕುಲುಕಾಟ ಕಡಿಮೆ ಮಾಡುವ ಆಯ್ಕೆ ಇದೆ, ಅದನ್ನು ಸೊನ್ನೆಗೆ ಇಳಿಸಿ. ಚಿತ್ರ ಮಸುಕಾಗುವ ಬ್ಲರ್ ತೆಗೆಯಿರಿ. ಕೋಣೆಯ ದೀಪ ಉರಿಯುತ್ತಿರಲಿ. ತಲೆ ಭಾರ ಅನ್ನಿಸಿದ ಕೂಡಲೇ ಏಳಿ, ಸಹಿಸಿಕೊಂಡು ಕೂರಬೇಡಿ. ಕೊನೆಗೆ, ಒಂದು ನೋಟ್‌ಬುಕ್ ಇಡಿ. ದಿನಕ್ಕೊಂದು ಸಾಲು. ಹೇಗೆ ಸತ್ತೆ, ಏನು ಗೊತ್ತಾಯಿತು, ಅಷ್ಟೇ.

ಎರಡು ವಾರ ಬಿಟ್ಟು ಬಂದಾಗ ಟೀಚರ್ ಕೈಯಲ್ಲಿ ನೋಟ್‌ಬುಕ್ ಇತ್ತು. ಆಟದ ದೊಡ್ಡ ದ್ವೀಪದ ಹೆಸರು ಆಲ್ಟಿಸ್. ಗ್ರೀಸ್ ದೇಶದ ಲೆಮ್ನೋಸ್ ದ್ವೀಪವನ್ನು ನೋಡಿ ಮಾಡಿದ್ದು, ಸುಮಾರು 270 ಚದರ ಕಿಲೋಮೀಟರ್. ಆಕೆ ನಕ್ಷೆ, ದಿಕ್ಸೂಚಿ ಹಿಡಿದು ಅದರಲ್ಲಿ ಊರಿಂದ ಊರಿಗೆ ನಡೆದಿದ್ದರು. "ಒಣ ಹುಲ್ಲು, ಬಂಡೆ, ಕುರುಚಲು ಗಿಡ. ಥೇಟ್ ನಮ್ಮ ಮಧುಗಿರಿ ಕಡೆ ಇದ್ದಂಗಿದೆ ಮೇಡಂ. ಒಂದ್ ಕಡೆ ಸೋಲಾರ್ ಪ್ಯಾನೆಲ್ ಸಾಲಾಗಿ ನಿಲ್ಸಿದಾರೆ, ಪಾವಗಡ ನೆನಪಾಯ್ತು." ನಕ್ಷೆಯ ಗೆರೆಗಳನ್ನು ನೋಡಿ ಗುಡ್ಡದ ಎತ್ತರ ಹೇಳುವುದು ಗಂಡನಿಗಿಂತ ಆಕೆಗೆ ಬೇಗ ಬಂದಿತ್ತು. ಅದನ್ನು ಗಂಡನೇ ಹೇಳಿದರು, ಖುಷಿಯಿಂದ.

ಆದರೆ ಶತ್ರುಗಳು ಬಂದ ವಾರ ಆಕೆ ಮತ್ತೆ ನಿಂತುಬಿಟ್ಟರು. ಈ ಸಲ ಕೀ ಮರೆತಿದ್ದಕ್ಕಲ್ಲ. ದೂರದಲ್ಲಿ ಒಬ್ಬ ಮಂಡಿಯೂರಿ ಕೂತಿದ್ದ, ಹೊಡೆದೆ, ಬಿದ್ದ. ಆ ರಾತ್ರಿ ನಿದ್ದೆ ಬರಲಿಲ್ಲ ಅಂದರು. "ಆಟ ತಾನೇ ಅಂತ ಇವ್ರು ಹೇಳಿದ್ರು. ಆಟಾನೇ. ಆದ್ರೂ..."

ಈ ಅಳುಕನ್ನು ತಳ್ಳಿಹಾಕಬೇಡಿ ಅಂದೆ. ಇಷ್ಟು ನಿಜದ ಹಾಗೆ ಮಾಡಿದ ಆಟ ನೋಡಿ ಮನಸ್ಸು ಅಳುಕಿದರೆ ಮನಸ್ಸು ಸರಿಯಾಗಿದೆ ಅಂತಲೇ ಅರ್ಥ. ಗಂಡನಿಗೂ ಅದೇ ಹೇಳಿದೆ, ಆಕೆ ಇವತ್ತು ಸಾಕು ಅಂದರೆ ಯಾಕೆ ಅಂತ ಕೇಳಬೇಡಿ. ಗಂಡ ಸ್ವಲ್ಪ ಯೋಚಿಸಿ, ಹಾಗಾದರೆ ಇವಳಿಗೆ ಲಾಸ್ ಆಫ್ ವಾರ್ (ಯುದ್ಧದ ನಿಯಮಗಳು) ಇಷ್ಟವಾಗಬಹುದು ಅಂದರು. ಅದು ಇದೇ ಆಟಕ್ಕೆ 2017ರಲ್ಲಿ ಸೇರಿಸಿದ ಭಾಗ. ಅದರ ಕಥೆಯಲ್ಲಿ ನೀವು ಹೆಚ್ಚಾಗಿ ಯುದ್ಧ ಮುಗಿದ ಮೇಲೆ ಒಂದು ಊರಿನಲ್ಲಿ ಉಳಿದ ಸಿಡಿಮದ್ದು ತೆಗೆಯುವವರು. ಅದೇ ಊರಿನ ಕಥೆ ಸೈನಿಕರ ಕಡೆಯಿಂದಲೂ ಊರಿನವರ ಕಡೆಯಿಂದಲೂ ತೆರೆದುಕೊಳ್ಳುತ್ತದೆ. ಅದರಿಂದ ಬಂದ ಆದಾಯದ ಒಂದು ಪಾಲನ್ನು ಕಂಪನಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಗೆ ಕೊಟ್ಟಿತು. ಗಂಡ ಅದನ್ನು ಕೊಂಡು ವರ್ಷಗಳಾಗಿತ್ತು, ಆಡಿರಲಿಲ್ಲ.

ಟೀಚರ್ ಆಡಿದರು. ಒಬ್ಬರೇ, ಪೂರ್ತಿಯಾಗಿ. ಮುಗಿಸಿದ ದಿನ ನನಗೆ ಮೆಸೇಜ್ ಕಳಿಸಿದ್ದರು: "ಮೇಡಂ, ನನ್ನ ಕಾರಣ ಸಿಕ್ಕಿತು." ನಾಲ್ಕನೇ ವಾರವಷ್ಟೇ ಆಗಿತ್ತು.

ಆಮೇಲೆ ಶನಿವಾರದ ಗುಂಪಿಗೆ ಸೇರುವ ಮಾತು ಬಂತು. ಗಂಡ, ನೀನು ಗಾಯಾಳುಗಳನ್ನು ನೋಡಿಕೊಳ್ಳೋ ಕೆಲಸ ತಗೋ ಅಂದರು. ಬೇಡ, ಮಾರ್ಟರ್ (ದೂರಕ್ಕೆ ಶೆಲ್ ಹಾರಿಸುವ ಪುಟ್ಟ ಫಿರಂಗಿ) ಕೊಡಿ ಅಂದರು ಟೀಚರ್. ನನಗೆ ಈ ಪ್ರಕರಣದಲ್ಲಿ ತುಂಬಾ ಹಿಡಿಸಿದ್ದು ಇದೇ. ಇವರ ಗುಂಪು ಹಾಕಿಕೊಂಡ ಏಸ್ ಎಂಬ ಸೇರ್ಪಡೆಯಲ್ಲಿ ಮಾರ್ಟರ್ ಹೊಡೆಯುವುದಕ್ಕೆ ಕೋಷ್ಟಕ ನೋಡಬೇಕು. ನಕ್ಷೆಯಲ್ಲಿ ದೂರ ಅಳೆದು, ಎತ್ತರದ ವ್ಯತ್ಯಾಸ ತೆಗೆದು, ಕೋನ ಹೊಂದಿಸಬೇಕು. ಮುಂದೆ ಇರುವವರು ಶೆಲ್ ಎಲ್ಲಿ ಬಿತ್ತು ಅಂತ ರೇಡಿಯೋದಲ್ಲಿ ಹೇಳುತ್ತಾರೆ, ನೀವು ತಿದ್ದಿ ಮತ್ತೆ ಹಾಕುತ್ತೀರಿ. ಮೊದಲನೆಯದು ಗುರಿ ತಪ್ಪುತ್ತದೆ ಅಂತ ಎಲ್ಲರೂ ಒಪ್ಪಿಕೊಂಡೇ ಕೆಲಸ ಶುರುವಾಗುತ್ತದೆ. ಗಣಿತದ ಟೀಚರ್‌ಗೆ ಹೇಳಿ ಮಾಡಿಸಿದ ಜಾಗ ಅದು. ಆಟ ಶುರುವಾಗುವ ಮೊದಲು ಆಕೆ ನಕ್ಷೆಯಲ್ಲಿ ಮನೆಗಳಿರುವ ಕಡೆ ಸುತ್ತು ಹಾಕುತ್ತಾರೆ. ಅದರೊಳಗೆ ಹೊಡೆಯುವುದಿಲ್ಲ. ಗುಂಪಿನವರು ಈಗ ಅದನ್ನು ಒಪ್ಪಿಕೊಂಡಿದ್ದಾರೆ.

ಇನ್ನೊಂದು ಸಂಗತಿ. ಮಾವನವರ ವಾಟ್ಸಾಪ್‌ಗೆ ವಿಮಾನ ಹೊಡೆದುರುಳಿಸುವ ವಿಡಿಯೋ ಬಂದಿತ್ತು, ನಿಜವಾದ ಯುದ್ಧ ಅಂತ. ಎಲ್ಲರಿಗೂ ಕಳಿಸಲು ಹೊರಟಿದ್ದರು. ಟೀಚರ್ ನೋಡಿ, "ಮಾವ, ಇದು ಅರ್ಮಾ, ಕಳಿಸ್ಬೇಡಿ" ಅಂದರಂತೆ. ಈ ಆಟದ ತುಣುಕುಗಳು ನಿಜದ ಯುದ್ಧ ಅಂತ ಹರಿದಾಡುವುದು ಎಷ್ಟು ಹೆಚ್ಚಾಯಿತೆಂದರೆ, 2022ರ ನವೆಂಬರ್‌ನಲ್ಲಿ ಕಂಪನಿಯೇ ಗುರುತಿಸುವುದು ಹೇಗೆ ಅಂತ ಹೇಳಿಕೆ ಕೊಡಬೇಕಾಯಿತು. ಅವತ್ತಿನಿಂದ ಅತ್ತೆಯ ಗೊಣಗಾಟ ಕಡಿಮೆಯಾಗಿದೆ.

ಎಲ್ಲ ಸರಿಹೋಯಿತು ಅಂತಲ್ಲ. ರೈಲಿನ ಸುಸ್ತು ಗಂಡನಿಗೆ ಹಾಗೇ ಇದೆ, ವಾರದ ದಿನ ಮಾತು ಇನ್ನೂ ಕಡಿಮೆಯೇ. ಅದಕ್ಕೆ ಭಾನುವಾರ ಸಂಜೆ ಆಟವಿಲ್ಲದೆ, ಫೋನ್ ಮನೆಯಲ್ಲಿಟ್ಟು ಅಮಾನಿಕೆರೆ ಏರಿ ಮೇಲೆ ಒಂದು ಸುತ್ತು ನಡೆಯಲು ಹೇಳಿದ್ದೇನೆ. ಮೂರು ವಾರದಲ್ಲಿ ಎರಡು ಸಲ ಹೋಗಿದ್ದಾರೆ. ಮುಂದಿನ ಭೇಟಿಯಲ್ಲಿ ಆ ಮಾತೇ ಮುಂದುವರಿಯಬೇಕು.

ಹೋದ ಸಲ ಹೊರಡುವ ಮುಂಚೆ ಟೀಚರ್ ನೋಟ್‌ಬುಕ್ಕಿನ ಕೊನೆಯ ಸಾಲು ಓದಿದರು. ಗಂಡ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. "ಮೊದಲ ಶೆಲ್ 80 ಮೀಟರ್ ಆಚೆ. ಎರಡನೆಯದು 30 ಮೀಟರ್ ಈಚೆ. ಮೂರನೆಯದಕ್ಕೆ ಕೋನ ಸರಿ ಮಾಡಿದ್ದೆ, ಕರೆಂಟ್ ಹೋಯಿತು. ಲೆಕ್ಕ ಬರೆದಿಟ್ಟುಕೊಂಡಿದ್ದೇನೆ."